ಮನೆಯು ದಾನವೋ, ಸಾಲವೋ?



ದಿಕ್ಕಿಲ್ಲದ ಒಬ್ಬ ಹೆಂಗಸಿಗೆ ಒಂದು ಮನೆ ದೊರಕಿತೆಂದು ಕೇಳಿದಾಗ ನಾವು ಸಾಮಾನ್ಯವಾಗಿ, ‘ಯಾರೋ ಪುಣ್ಯವಂತರು ಧರ್ಮ ಮಾಡಿದರು’ ಎನ್ನುತ್ತೇವೆ. ಆ ಮಾತು ಎಲ್ಲಾ ಕಾಲದಲ್ಲಿಯೂ ಸತ್ಯವೋ ಎಂಬದನ್ನು ವಿಚಾರಿಸುವದಕ್ಕೋಸ್ಕರ ಈ ಕೆಲವು ಮಾತುಗಳನ್ನು ಬರೆಯುತ್ತೇನೆ. ಯಾಕಂದರೆ ಕೊಡುವದರಲ್ಲಿ ಎರಡು ವಿಧಗಳುಂಟು. ನನ್ನದನ್ನು ಇಲ್ಲದವನಿಗೆ ಕೊಡುವದು ದಾನ. ಅವನದನ್ನೇ ಅವನಿಗೆ ತಿರಿಗಿ ಕೊಡುವದು ಸಾಲ ತೀರಿಸುವದು. ದಾನ ಕೊಟ್ಟವನು ಉಪಕಾರಸ್ಮರಣೆಯನ್ನು ಎದುರುನೋಡಿದರೆ ಲೋಕವು ಸಹಿಸಿಕೊಳ್ಳುವದು. ಸಾಲ ತೀರಿಸಿದವನು ಅದನ್ನು ಎದುರುನೋಡಿದರೆ ಸಂತೆಯ ಜನರೆಲ್ಲ ನಗುವರು.

ಸುಂಕದವರ ಮುಖ್ಯಸ್ಥನಾದ ಜಕ್ಕಾಯನ ಕಥೆಯನ್ನು ನೀವು ಬಲ್ಲಿರಿ. ಅವನು ಬಡವರಿಗೆ ಕೊಡುವ ಅರ್ಧ ಆಸ್ತಿಯನ್ನು ಒಂದು ಲೆಕ್ಕದಲ್ಲಿಯೂ, ಅನ್ಯಾಯವಾಗಿ ಕಸುಕೊಂಡದ್ದಕ್ಕೆ ನಾಲ್ಕರಷ್ಟು ತಿರಿಗಿ ಕೊಡುವದನ್ನು ಮತ್ತೊಂದು ಲೆಕ್ಕದಲ್ಲಿಯೂ ಇಟ್ಟನು. ಎರಡನ್ನೂ ಕೂಡಿಸಿ ಎಲ್ಲವೂ ತನ್ನ ಔದಾರ್ಯವೆಂದು ಹೇಳಿಕೊಳ್ಳಲಿಲ್ಲ. ನಾವು ಹೀಗೆ ಲೆಕ್ಕವನ್ನು ಬೇರ್ಪಡಿಸಿ ನೋಡುತ್ತೇವೋ? ಹತ್ತಿರದ ಒಂದು ದೃಷ್ಟಾಂತವನ್ನು ತೆಗೆದುಕೊಂಡು ನೋಡೋಣ.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ತಾಲೂಕುಗಳಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡು ಕಬ್ಬನ್ನೂ ತಂಬಾಕನ್ನೂ ಬೆಳೆಯುವ ಸೀಮೆಯಿದು. ಭೂಮಿಯು ಬಡವಲ್ಲ. ಆದರೂ ಇಲ್ಲಿಯ ದಲಿತರ ಕೇರಿಗಳಲ್ಲಿ ಹುಟ್ಟಿದ ಅನೇಕ ಹುಡುಗಿಯರಿಗೆ, ಬುದ್ಧಿ ಬಲಿಯುವದಕ್ಕೆ ಮುಂಚೆಯೇ, ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಲ್ಪಟ್ಟಿತು. ಕೆಲವರಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಕೆಲವರಿಗೆ ಅಥಣಿ ತಾಲೂಕಿನ ಕೊಕಟನೂರಿನಲ್ಲಿ, ಕೆಲವರಿಗೆ ಮನೆಯಲ್ಲಿಯೇ ಗುಟ್ಟಾಗಿ. ಗಂಡು ಮಕ್ಕಳಿಲ್ಲದ ತಂದೆತಾಯಿಗಳು ಮುಪ್ಪಿನಲ್ಲಿ ತಮ್ಮನ್ನು ಸಾಕಲೆಂದು ಮಗಳನ್ನು ಹೀಗೆ ಉಳಿಸಿಕೊಂಡರು. ಕೆಲವರು ರೋಗ ಬಂದಾಗ ಹರಕೆ ಹೊತ್ತರು. ಕೆಲವರು ತಲೆಯಲ್ಲಿ ಜಡೆಗಟ್ಟಿದ್ದನ್ನು ಕಂಡು ದೇವಿಯ ಕರೆಯೆಂದು ಹೆದರಿದರು. ಹುಡುಗಿಯು ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬನು ಅವಳನ್ನು ಇಟ್ಟುಕೊಂಡನು, ಬೇಸರವಾದಾಗ ಬಿಟ್ಟನು. ಅಲ್ಲಿಂದ ಎಷ್ಟೋ ಜನರು ಸಾಂಗಲಿಗೂ ಪುಣೆಗೂ ಮುಂಬಯಿಗೂ ಹೋಗಿ ಮೈಮಾರಿ ಬದುಕಿದರು. ರೋಗ ಹತ್ತಿಸಿಕೊಂಡು ತಿರಿಗಿ ಬಂದರು.

ಇಲ್ಲಿ ಲೆಕ್ಕವನ್ನು ತೆಗೆಯೋಣ. ಮನೆಯವರು ಅವಳ ದುಡಿಮೆಯನ್ನುಂಡರು. ಮುತ್ತು ಕಟ್ಟಿದವರು ದಕ್ಷಿಣೆ ತೆಗೆದುಕೊಂಡರು. ಇಟ್ಟುಕೊಂಡವನು ಅವಳ ಹರೆಯವನ್ನು ತೆಗೆದುಕೊಂಡನು. ಊರು ಎಲ್ಲವನ್ನು ನೋಡಿ, ಹಬ್ಬದಲ್ಲಿ ಅವಳನ್ನು ಕರೆದು, ಮರುದಿನ ದೂರವಿಟ್ಟಿತು. ಊರೆಲ್ಲ ಕೂಡಿ ಉಂಡ ಊಟದ ಸಾಲವನ್ನು ಅವಳೊಬ್ಬಳೇ ತೀರಿಸುತ್ತಾ ಬಂದಳು. ಹೀಗಿರಲು ಅವಳಿಗೆ ಸಿಗುವ ನಾಲ್ಕು ಗೋಡೆಗಳನ್ನು ಧರ್ಮವೆಂದು ಕರೆಯುವದು ಹೇಗೆ?

ಕಾಯದೆಗಳು ಆಗದೆ ಇಲ್ಲ. ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿಯರ ಸಂರಕ್ಷಣೆಯ ಕಾಯದೆಯೊಂದು ಬಂದಿತು. ಕರ್ನಾಟಕ ರಾಜ್ಯದ ನಿಷೇಧ ಕಾಯದೆಯು 1982ರಲ್ಲಿ ಹುಟ್ಟಿ 1984ರಲ್ಲಿ ಜಾರಿಗೆ ಬಂದಿತು. ಅದರಂತೆ ಮುತ್ತು ಕಟ್ಟಿದವರಿಗೆ 3 ವರುಷಗಳ ವರೆಗೂ, ತಂದೆತಾಯಿಗಳೋ ಬಂಧುಗಳೋ ಆಗಿದ್ದರೆ 5 ವರುಷಗಳ ವರೆಗೂ ಸೆರೆಮನೆ. ಆದರೂ ಸರಕಾರವು 1993-94ರಲ್ಲಿಯೂ 2007-08ರಲ್ಲಿಯೂ ಮಾಡಿಸಿದ ಎರಡು ಗಣತಿಗಳಲ್ಲಿ ರಾಜ್ಯದೊಳಗೆ ಒಟ್ಟು 46,660 ಮಂದಿ ದೇವದಾಸಿಯರ ಹೆಸರುಗಳು ಬರೆಯಲ್ಪಟ್ಟವು. ಕಾಯದೆಯು ಕಟ್ಟುವ ಕೈಯನ್ನು ಹಿಡಿಯಬಲ್ಲದು. ಆದರೆ ಆಗಲೇ ಕಟ್ಟಲ್ಪಟ್ಟವಳು ಈ ರಾತ್ರಿ ಎಲ್ಲಿ ಮಲಗಬೇಕೆಂಬದನ್ನು ಹೇಳಲಾರದು.

ಆ ಪ್ರಶ್ನೆಗೆ ಉತ್ತರ ಹುಡುಕಿದವರು ಹೆಚ್ಚಾಗಿ ಆ ಸ್ತ್ರೀಯರೇ. ಅಥಣಿಯಲ್ಲಿ ವಕೀಲರಾದ ಬಿ. ಎಲ್. ಪಾಟೀಲರು 1980ರ ದಶಕದಲ್ಲಿ ವಿಮೋಚನಾ ಸಂಘವನ್ನು ಆರಂಭಿಸಿ ದೇವದಾಸಿಯರ ಮಕ್ಕಳಿಗೆ ವಿದ್ಯೆಯ ದಾರಿಯನ್ನು ತೆರೆದರು. ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿ ಮೈರಾಡ ಸಂಸ್ಥೆಯ ಸಹಾಯದಿಂದ ಕೂಡಿಬಂದ ಮಾಜಿ ದೇವದಾಸಿಯರು 1997ರಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯನ್ನು ತಮ್ಮದಾಗಿಯೇ ಕಟ್ಟಿಕೊಂಡರು. ಅದನ್ನು ನಡಿಸಿದವರಲ್ಲಿ ಒಬ್ಬರಾದ, ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ತಾವೇ ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಬಿರುದನ್ನು ಕೊಟ್ಟಿತು.

ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದು, ಮುಂದೆ ಕೇಡಗಾಂವದಲ್ಲಿ ಮುಕ್ತಿಯನ್ನು ಕಟ್ಟಿದ್ದನ್ನು ನಮ್ಮ ಸಭೆಗಳು ಕೃತಜ್ಞತೆಯಿಂದ ನೆನಸುತ್ತವೆ. ಆ ಕಾಲದಲ್ಲಿ ಹಿಂಸೆಗೊಳಗಾದ ಸ್ತ್ರೀಯು ಊರನ್ನು ಬಿಟ್ಟು ಆಶ್ರಮದ ಗೋಡೆಯೊಳಗೆ ಬಂದು ಬದುಕಬೇಕಾಗಿತ್ತು. ಈಗಿನ ಈ ಸ್ತ್ರೀಯರು ಊರನ್ನು ಬಿಡಲಿಲ್ಲ. ತಮ್ಮನ್ನು ಹೀಗಳೆದ ಬೀದಿಯಲ್ಲಿಯೇ ಮನೆ ಕಟ್ಟಿ, ಅದೇ ನಳದ ಬಳಿಯಲ್ಲಿ ಕೊಡ ಹಿಡಿದು ನಿಂತರು. ಇದು ಇನ್ನೂ ಕಠಿಣವಾದದ್ದೆಂದು ನನಗೆ ತೋರುತ್ತದೆ.

ಇಂಥ ಸ್ತ್ರೀಸಂಘಗಳ ಒಂದು ವರುಷವು ಹೇಗೆ ಕಳೆಯುತ್ತದೆ? ಬೇಸಿಗೆಯಲ್ಲಿ ಮನೆಯ ಕೆಲಸ. ದೇವರಾಜ ಅರಸು ವಸತಿ ಯೋಜನೆಯೆಂಬದು ವಿಧವೆಯರಿಗೂ ಅಂಗವಿಕಲರಿಗೂ ಎಚ್.ಐ.ವಿ. ತಗಲಿದವರಿಗೂ ದೇವದಾಸಿಯರಿಗೂ ಮನೆ ಕಟ್ಟಲು ಹಣ ಕೊಡುತ್ತದೆ. ಆದರೆ ಹಣವು ಕಂತುಗಳಲ್ಲಿ ಬರುವದು. ತಳಪಾಯ ಎದ್ದು ಅದರ ಚಿತ್ರವನ್ನು ತೆಗೆದ ಮೇಲೆಯೇ ಮೊದಲನೆಯ ಕಂತು. ತಳಪಾಯ ಹಾಕುವ ಗವಂಡಿಗೆ ಕೂಲಿ ಕೊಡುವವರಾರು? ಅವಳಲ್ಲಿ ಹಣವಿಲ್ಲ, ಸಾಲ ಕೊಡುವವರೂ ಇಲ್ಲ. ಆಗ ಸಂಘದವರು ತಮ್ಮ ಉಳಿತಾಯದ ಪೆಟ್ಟಿಗೆಯನ್ನು ತೆರೆಯಬೇಕು. ಅದಕ್ಕೂ ಮುಂಚೆ ನಿವೇಶನವು ಅವಳ ಹೆಸರಿನಲ್ಲಿರಬೇಕು. ಉತಾರವೋ ಹಕ್ಕುಪತ್ರವೋ ಬೇಕು. ತಾನು ಹುಟ್ಟಿದ ಗುಡಿಸಲು ಯಾರ ಜಾಗದಲ್ಲಿದೆಯೋ ಅರಿಯದವಳಿಗೆ ಈ ಒಂದು ಕಾಗದಕ್ಕಾಗಿ ಪಂಚಾಯತಿಗೂ ತಾಲೂಕು ಕಚೇರಿಗೂ ಎಷ್ಟು ಸಾರಿ ಅಲೆದಾಟವೋ!

ಜೂನ್ ತಿಂಗಳಲ್ಲಿ ಶಾಲೆಯ ಅರ್ಜಿ. ‘ತಂದೆಯ ಹೆಸರು’ ಎಂಬ ಖಾಲಿ ಸಾಲಿನ ಮುಂದೆ ಎಷ್ಟು ತಾಯಂದಿರು ತಲೆ ತಗ್ಗಿಸಿದರೋ! 2025ರ ಆಗಸ್ಟ್ ತಿಂಗಳಲ್ಲಿ ರಾಜ್ಯದ ವಿಧಾನಮಂಡಲವು ಅಂಗೀಕರಿಸಿದ ಹೊಸ ಮಸೂದೆಯು ಈ ಮಕ್ಕಳಿಗೆ ಆ ಹೆಸರನ್ನು ಬರೆಯಬೇಕೆಂಬ ಬಲವಂತವನ್ನು ತೆಗೆಯಲು ಉದ್ದೇಶಿಸಿದ್ದು ಸಂತೋಷದ ಸಂಗತಿ. ಮಳೆಗಾಲದಲ್ಲಿ ನದಿಯ ಭಯ. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿದಾಗ ಈ ತಾಲೂಕುಗಳಲ್ಲಿ ಮಣ್ಣಿನ ಗೋಡೆಗಳು ಕರಗಿಹೋದವು. ಕಾಗದವಿದ್ದವರಿಗೆ ಪರಿಹಾರ ಕೇಳುವದು ಸುಲಭ, ಇಲ್ಲದವರಿಗೆ ಬಹು ಕಷ್ಟ. ವರುಷವೆಲ್ಲಾ ಆಸ್ಪತ್ರೆಯ ದಾರಿ. ಎಚ್.ಐ.ವಿ.ಯ ಔಷಧವನ್ನು 2004ರಿಂದ ಸರಕಾರವು ಉಚಿತವಾಗಿ ಕೊಡುತ್ತಿದೆ. ಆದರೆ ಮೊದಲನೆಯ ದಿನ ಅವಳ ಸಂಗಡ ಹೋಗಿ ಬೆಂಚಿನ ಮೇಲೆ ಕೂತುಕೊಳ್ಳುವದಕ್ಕೆ ಒಬ್ಬಳು ಗೆಳತಿಯು ಬೇಕು. ಜಾತ್ರೆಯ ಕಾಲ ಬಂದಾಗ ಸಂಘದ ಹೆಂಗಸರು ತಾಯಿತಂದೆಗಳನ್ನು ಕಂಡು, ‘ನಮಗಾದದ್ದು ನಿಮ್ಮ ಮಗಳಿಗೆ ಬೇಡ’ ಎಂದು ಬೇಡಿಕೊಳ್ಳುತ್ತಾರೆ.

ಇದಕ್ಕೆ ಎದುರಾಗಿ ನಮ್ಮಲ್ಲಿ ಮೂರು ಮಾತುಗಳನ್ನು ಕೇಳಿದ್ದೇನೆ.

ಮೊದಲನೆಯದು: ‘ನಡತೆಗೆಟ್ಟವರಿಗೆ ಮನೆ ಕೊಟ್ಟರೆ ಪಾಪಕ್ಕೆ ಬಹುಮಾನ ಕೊಟ್ಟಂತಲ್ಲವೇ? ಮೊದಲು ತಿದ್ದಿಕೊಳ್ಳಲಿ.’ ಪ್ರಿಯರೇ, ಏಳೆಂಟು ವರುಷದ ಮಗುವಿನ ಕೊರಳಿಗೆ ಮುತ್ತು ಕಟ್ಟಿದಾಗ ನಡತೆಗೆಟ್ಟವರು ಯಾರು? ಇನ್ನೂ ಆ ಕಸಬನ್ನು ಬಿಡಲಾರದವಳ ಮಾತೇನೆಂದು ಕೇಳುವಿರಿ. ಹೊಲದ ಬೆಳೆ ನೀರುಪಾಲಾದಾಗ ಪರಿಹಾರ ಬರೆಯುವ ಅಧಿಕಾರಿಯು, ‘ನೀನು ಕುಡಿಯುತ್ತೀಯೋ? ಎಷ್ಟು ಮನೆ ಕೆಡಿಸಿದ್ದೀ?’ ಎಂದು ರೈತನನ್ನು ಕೇಳುವದಿಲ್ಲ. ಇಟ್ಟುಕೊಂಡವನನ್ನು ಯಾರೂ ಕೇಳದ ಪ್ರಶ್ನೆಯನ್ನು ಬಿಡಲ್ಪಟ್ಟವಳಿಗೆ ಮಾತ್ರ ಯಾಕೆ ಕೇಳಬೇಕು? ಮೈಮಾರಿ ಬದುಕುವವರಿಗೆ ಗುರುತಿನ ಪುರಾವೆ ಕೇಳದೆ ರೇಶನ್ ಕೊಡಿರೆಂದು 2020ರಲ್ಲಿಯೂ, ಅವರಿಗೂ ಮಾನದಿಂದ ಬದುಕುವ ಹಕ್ಕುಂಟೆಂದು 2022ರಲ್ಲಿಯೂ ದೇಶದ ಸರ್ವೋಚ್ಚ ನ್ಯಾಯಾಲಯವು ಆಜ್ಞೆ ಮಾಡಿತು. ಮಳೆಯಲ್ಲಿ ನೆನೆಯುತ್ತಾ ಯಾರೂ ತಿದ್ದಿಕೊಳ್ಳಲಾರರು. ಸೂರು ಮೊದಲು ಬರಬೇಕು. ಬೇರೆ ಜೀವನವನ್ನು ಯೋಚಿಸುವ ಶಕ್ತಿಯು ಸೂರಿನ ಕೆಳಗೆಯೇ ಹುಟ್ಟುವದು.

ಎರಡನೆಯದು: ‘ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುವರು.’ ಈ ಮಾತನ್ನು ಆಡುವವನು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಬೆರಳುಗಳನ್ನೂ, ಕಬ್ಬು ಕಡಿಯುವವರ ಅಂಗೈಗಳನ್ನೂ ನೋಡಿಲ್ಲ. ಅಲ್ಲದೆ ಸಾಲ ಕೊಟ್ಟವನು ಹಣ ಕೇಳಲು ಬಂದಾಗ, ‘ಕೊಟ್ಟರೆ ನೀನು ಸೋಮಾರಿಯಾಗುವಿ’ ಎಂದು ಹೇಳಿ ಕಳುಹಿಸುವ ಸಾಲಗಾರನನ್ನು ನೀವೆಲ್ಲಿಯಾದರೂ ಕಂಡಿರೋ?

ಮೂರನೆಯದು: ‘ಸರಕಾರವು ಮನೆ ಕೊಟ್ಟಿತು, ಮಾಸಾಶನ ಕೊಟ್ಟಿತು, ಇನ್ನು ನಮ್ಮ ಪಾಲಿನದು ಏನೂ ಇಲ್ಲ.’ ಈ ಮಾತು ಎಲ್ಲಕ್ಕಿಂತ ಸಭ್ಯವಾಗಿ ಕೇಳಿಸುವದರಿಂದ ಎಲ್ಲಕ್ಕಿಂತ ಅಪಾಯಕರವಾದದ್ದು. ಇದಕ್ಕೆ ನನ್ನ ಸ್ವಂತ ತಪ್ಪನ್ನೇ ಉತ್ತರವಾಗಿ ಬರೆಯುತ್ತೇನೆ.

ಕೆಲವು ವರುಷಗಳ ಹಿಂದೆ ಕಾಗವಾಡದ ಕಡೆಯ ಒಂದು ಹಳ್ಳಿಯಲ್ಲಿ, ನನಗಿಂತ ಹತ್ತು ವರುಷ ಹಿರಿಯಳಾದ ಒಬ್ಬ ಸ್ತ್ರೀಯು ತನ್ನ ಹೊಸ ಮನೆಯ ಮುಂದೆ ನಿಂತಿದ್ದಳು. ಎರಡು ಕೋಣೆಯ ಮನೆ. ಬಾಗಿಲ ಬಣ್ಣ ಇನ್ನೂ ಹಸಿಯಾಗಿತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ಅವಳದೇ ಹೆಸರು. ನನ್ನನ್ನು ಕಂಡು, “ಒಳಗ ಬರ್ರಿ ಅಣ್ಣಾರ, ಒಂದು ಕಪ್ ಚಾ ಕುಡದು ಹೋಗ್ರಿ” ಎಂದಳು. ಎದುರು ಕಟ್ಟೆಯ ಮೇಲೆ ನಾಲ್ಕು ಮಂದಿ ಕೂತು ನೋಡುತ್ತಿದ್ದರು. “ಇನ್ನೊಮ್ಮೆ ಬರ್ತೇನಿ ಅಕ್ಕಾ, ಬಸ್ಸಿಗೆ ಹೊತ್ತಾತು” ಎಂದೆನು. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅದು ಅವಳಿಗೂ ಗೊತ್ತಿತ್ತು. ಅವಳು ಸಿಟ್ಟಾಗಲಿಲ್ಲ. “ಮನಿ ಸರಕಾರ ಕೊಟ್ಟೈತ್ರಿ ಅಣ್ಣಾರ. ಮನಿಗೆ ಬರೋ ಮಂದೀನ್ನ ಯಾರ ಕೊಡಾವ್ರು?” ಎಂದು ಮಾತ್ರ ಹೇಳಿದಳು. ಸೆಮಿನರಿಯಲ್ಲಿ ನಾನು ಕಲಿತ ಯಾವ ಪಾಠದಲ್ಲಿಯೂ ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಬಸ್ ನಿಲ್ದಾಣದಲ್ಲಿ ಆ ಒಂದು ತಾಸು ಸುಮ್ಮನೆ ಕೂತೆನು.

ಅಲ್ಲಿ ಕೂತಾಗ ನನಗೆ ತಿಳಿದುಬಂದದ್ದು ಇದು. ಇಟ್ಟಿಗೆ, ಸಿಮೆಂಟು, ತಗಡು, ಇವುಗಳ ಸಾಲವನ್ನು ಸರಕಾರವು ನಮ್ಮೆಲ್ಲರ ತೆರಿಗೆಯಿಂದ ತೀರಿಸಬಹುದು. ನೆರೆಹೊರೆಯ ಸಾಲವನ್ನು ಸರಕಾರವು ತೀರಿಸಲಾರದು. ಅದಕ್ಕೆ ಯೋಜನೆಯೂ ಇಲ್ಲ, ಕಂತೂ ಇಲ್ಲ. ಅಲ್ಲದೆ ಮನೆ ಪಡೆಯಬೇಕಾದರೆ ಅವಳು ‘ದೇವದಾಸಿ’ ಎಂಬ ಪಟ್ಟಿಯಲ್ಲಿ ತನ್ನ ಹೆಸರನ್ನು ತೋರಿಸಬೇಕು. ಯಾವ ಹೆಸರಿನಿಂದ ಬಿಡುಗಡೆಯಾಗಬೇಕೆಂದು ಹಂಬಲಿಸುತ್ತಾಳೋ ಅದೇ ಹೆಸರಿನಿಂದ ಸೂರನ್ನು ಬೇಡಬೇಕು. ಗಣತಿಯ ದಿನ ಊರಲ್ಲಿಲ್ಲದವಳಿಗೂ, ನಾಚಿಕೆಯಿಂದ ಬಚ್ಚಿಟ್ಟುಕೊಂಡವಳಿಗೂ ಅದೂ ಇಲ್ಲ. ಕಾಗದದಲ್ಲಿ ಆ ಹೆಸರು ಅಗತ್ಯವಾಗಿರಬಹುದು. ಬೀದಿಯಲ್ಲಿ ಅದನ್ನು ಅಳಿಸಿ ‘ಅಕ್ಕಾ’ ಎಂದು ಕರೆಯುವದು ನಮ್ಮ ಕೈಯಲ್ಲಿದೆ.

ಸಂಘದ ಸ್ತ್ರೀಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಅವರು ಹೊಸಬಳ ಬಾಗಿಲಿಗೆ ಹೋದಾಗ ಹಿಂದಿನದನ್ನು ವಿಚಾರಿಸುವದಿಲ್ಲ. ಉತ್ತರವು ಅವರಿಗೆ ಮೊದಲೇ ಗೊತ್ತು. ಒಳಗೆ ಹೋಗಿ ಕೂತುಕೊಳ್ಳುತ್ತಾರೆ. ಸಾಲವಿರುವವರು ನಾವು, ತೀರಿಸುತ್ತಿರುವವರು ಅವರು ಎಂಬದು ನಮಗೆ ನಾಚಿಕೆಯ ಸಂಗತಿ.

ಆದಕಾರಣ ಸಭೆಯವರಲ್ಲಿ ನನ್ನ ಬಿನ್ನಹವು ಮೂರೇ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಮನೆಗಳ ಪಟ್ಟಿಯನ್ನು ಓದುವಾಗ ಹೋಗಿ ಕೂತುಕೊಳ್ಳಿರಿ. ನಿವೇಶನವಿಲ್ಲದ ಇಂಥ ಒಬ್ಬಳ ಹೆಸರು ಬಿಟ್ಟುಹೋಗಿದ್ದರೆ ಎದ್ದು ನಿಂತು ಹೇಳಿರಿ. ನಿಮ್ಮ ಮಗನ ಪಕ್ಕದಲ್ಲಿ ತಂದೆಯ ಹೆಸರಿಲ್ಲದ ಹುಡುಗನು ಕೂತರೆ ಮಾಸ್ತರರಿಗೆ ದೂರು ಹೇಳಬೇಡಿರಿ. ಅವಳು ಚಹಕ್ಕೆ ಕರೆದರೆ ಒಳಗೆ ಹೋಗಿರಿ.

ನಾನೂ ಹೋದೆನು, ತಡವಾಗಿ, ಮುಂದಿನ ತಿಂಗಳು. ಕಟ್ಟೆಯ ಮೇಲೆ ಅದೇ ನಾಲ್ವರು ಕೂತಿದ್ದರು. ಅವಳು ಹಿಂದಿನ ದಿನದ ಮಾತನ್ನು ಎತ್ತಲಿಲ್ಲ. ಚಾಪೆ ಹಾಸಿ, ಒಲೆಗೆ ಪಾತ್ರೆ ಇಟ್ಟಳು.