ಹಣ ಕೊಟ್ಟರೆ ಹೊಣೆ ತೀರುವುದೇ?

ಒಬ್ಬನ ಮನೆಯ ಕೊಳಚೆ ನೀರು ಊರಿನ ಕೆರೆಗೆ ಹರಿಯುತ್ತಿದೆಯೆಂದು ಭಾವಿಸಿರಿ. ಅದನ್ನು ನಿಲ್ಲಿಸುವ ಬದಲು ಅವನು ಆಚೆ ದಡದ ಬಡವನಿಗೆ ಹಣ ಕೊಟ್ಟು, 'ನಿನ್ನ ಕೊಳಚೆಯನ್ನು ತಡೆ' ಎನ್ನುತ್ತಾನೆ. ಕೆರೆ ತುಸು ಶುದ್ಧವಾಗುವುದು ನಿಜ. ಆದರೆ ಅವನ ಹೊಣೆ ತೀರಿತೇ?

ಇದು ಬರೇ ಉಪಮೆಯಲ್ಲ. 2010ರ ಮೇ ತಿಂಗಳಲ್ಲಿ ನಾರ್ವೆ ಸರಕಾರವು ಇಂಡೋನೇಷ್ಯಾದೊಂದಿಗೆ ಒಂದು ಒಪ್ಪಂದ ಮಾಡಿಕೊಂಡಿತು. ಕಾಡಿನ ನಾಶವನ್ನು ತಡೆದು, ವಾತಾವರಣವನ್ನು ಸೇರುವ ಇಂಗಾಲವನ್ನು ತಗ್ಗಿಸಿದರೆ 100 ಕೋಟಿ ಡಾಲರ್‌ವರೆಗೆ ಕೊಡುವುದಾಗಿ ಮಾತು ಕೊಟ್ಟಿತು. ಹಣದ ಬಹುಭಾಗ ಸಿಗುವುದು ಫಲಿತಾಂಶ ಸಾಬೀತಾದ ಬಳಿಕ. 2011ರಲ್ಲಿ ಇಂಡೋನೇಷ್ಯಾ ಮೂಲ ಅರಣ್ಯಗಳಲ್ಲೂ ಪೀಟ್ ಎಂಬ ಜೌಗು ನೆಲದಲ್ಲೂ ಹೊಸ ಪರವಾನಿಗೆಗಳನ್ನು ತಡೆಹಿಡಿಯಿತು. ಆದರೂ 2015ರಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಭೂಮಿ ಬೆಂಕಿಗೆ ಆಹುತಿಯಾಯಿತು. ತೋಟಗಳಿಗಾಗಿ ನೀರು ಬಸಿದು ಒಣಗಿಸಿದ ಜೌಗು ನೆಲ ಒಳಗೊಳಗೇ ಉರಿಯಿತು. ಮುಂದೆ ಅರಣ್ಯನಾಶ ಇಳಿಯಿತು. ಆದರೆ ಹಣ ಬರಲಿಲ್ಲವೆಂದು ದೂರಿ 2021ರಲ್ಲಿ ಇಂಡೋನೇಷ್ಯಾ ಒಪ್ಪಂದದಿಂದ ಹಿಂದೆ ಸರಿಯಿತು. 2022ರಲ್ಲಿ ಹೊಸ ಒಪ್ಪಂದವಾಗಿ, 2016-17ರ ಸಾಧನೆಗಾಗಿ 5.6 ಕೋಟಿ ಡಾಲರ್ ನೀಡಲಾಯಿತು.

ಓದುಗರೇ, ಇಲ್ಲಿ ಆತುರದ ತೀರ್ಪು ಬೇಡ. ಹಣ ಕೊಟ್ಟದ್ದು ಒಳ್ಳೆಯದೇ. ಆದರೆ ಅದು ದಾನವೇ, ಸಾಲವೇ? ನಾರ್ವೆಯ ಸಂಪತ್ತಿನ ದೊಡ್ಡ ಪಾಲು ಸಮುದ್ರದಡಿಯ ತೈಲ ಮತ್ತು ಅನಿಲದಿಂದ ಬಂದುದು. ಆ ತೈಲ ಇತರ ದೇಶಗಳಲ್ಲಿ ಉರಿಯುತ್ತದೆ, ಆದ್ದರಿಂದ ಅದರ ಹೊಗೆ ನಾರ್ವೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಗಾಳಿಯನ್ನು ಕೆಡಿಸಿ ಸಂಪಾದಿಸಿದವರು ಅದರ ಹಾನಿಗೆ ಕೊಡುವ ಹಣ ಉಪಕಾರವಲ್ಲ, ಅದು ಸಂದಾಯ. ದಾಸರ ಹಕ್ಕನ್ನು ದಾಸರಿಗೇ ತೀರಿಸಬೇಕೆಂಬುದು ನಮ್ಮ ಧರ್ಮದ ಪಾಠ. ಅದನ್ನು ತೀರಿಸಿದರೂ ತಪ್ಪನ್ನು ಮುಂದುವರಿಸುವ ಪರವಾನಿಗೆ ಸಿಗುವುದಿಲ್ಲ. ತಪ್ಪನ್ನು ಬಿಡದವನ ತೌಬಾ ತೌಬಾ ಆಗುವುದಾದರೂ ಹೇಗೆ?

ಪಡೆಯುವವರಿಗೂ ಪ್ರಶ್ನೆಯಿದೆ. ಹಣಕ್ಕಾಗಿ ಉಳಿಸಿದ ಕಾಡು ಹಣ ನಿಂತ ದಿನ ಉಳಿಯುವುದೇ? 2016ರಲ್ಲಿ ಇಂಡೋನೇಷ್ಯಾದ ಉಲಮಾ ಮಂಡಳಿಯು ಹಾನಿಯುಂಟಾಗುವಂತೆ ಕಾಡು ಮತ್ತು ಭೂಮಿಯನ್ನು ಸುಡುವುದು ಹರಾಮ್ ಎಂದು ಫತ್ವಾ ನೀಡಿತು. ಅದಕ್ಕೆ ಡಾಲರಿನ ಶರತ್ತು ಇರಲಿಲ್ಲ. ಒಪ್ಪಂದದ ಕಣ್ಣು ಉಪಗ್ರಹದ ಚಿತ್ರ ನೋಡುತ್ತದೆ. ತಕ್ವಾ ಇರುವವನು ಯಾರೂ ನೋಡದ ಕಡೆಯೂ ಬೆಂಕಿಕಡ್ಡಿ ಗೀರುವುದಿಲ್ಲ. ಹಸಿದ ರೈತನಿಗೆ ಬರೇ ಫತ್ವಾ ಸಾಲದು, ಬದುಕಿನ ದಾರಿಯೂ ಬೇಕು ಎಂಬುದು ಅಷ್ಟೇ ಸತ್ಯ. ಆದ್ದರಿಂದ ಆ ಹಣವೂ ಬೇಕು, ಈ ಭಯಭಕ್ತಿಯೂ ಬೇಕು.

ಇದು ದೂರದ ಕಥೆಯೆಂದು ಪುಟ ಮಗುಚಬೇಡಿ. ಇಂಡೋನೇಷ್ಯಾದ ಪಾಮ್ ಎಣ್ಣೆಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಭಾರತವೂ ಒಂದು. ನಮ್ಮ ಮದುವೆ ಔತಣಗಳಲ್ಲಿ ಕರಿದು, ಅರ್ಧ ತಿಂದು ಎಸೆಯುವ ತಿಂಡಿಯ ಹಿಂದೆ ಆ ಜೌಗು ನೆಲವೂ ಇರಬಹುದು. 'ನನ್ನ ಹಣ, ನನ್ನ ಖರ್ಚು' ಎಂದರೆ ಉತ್ತರವಾಗುವುದಿಲ್ಲ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದರು. ನದಿ ತುಂಬಿದ್ದರೂ ಅದು ಪೋಲಿಗೆ ಅನುಮತಿಯಲ್ಲ. ಕಿಸೆ ತುಂಬಿದ್ದರೂ ಅಷ್ಟೇ.

ನಾಳೆ ಅಲ್ಲಾಹನ ಮುಂದೆ ನಮ್ಮ ಹೊರೆಯನ್ನು ಇನ್ನೊಬ್ಬರು ಹೊರಲಾರರು. ಇಂದೇ ಅದನ್ನು ಹಗುರ ಮಾಡಿಕೊಳ್ಳುವ ಸನ್ಮತಿಯನ್ನು ಅವನು ನಮಗೆಲ್ಲ ಕರುಣಿಸಲಿ, ಆಮೀನ್.