ಮದರ್‌ಗೆ ಕೊಟ್ಟ ದುಡ್ಡಿನ ಲೆಕ್ಕ

ಕೊಟ್ಟ ದಾನದ ಲೆಕ್ಕ ಕೇಳಬಾರದು ಎನ್ನುವುದು ನಮ್ಮಲ್ಲಿ ಬೇರೂರಿದ ಮಾತು. ಪಡೆದವರು ಮದರ್ ತೆರೇಸಾರಂಥ ಸನ್ಯಾಸಿನಿಯಾದರಂತೂ ಕೇಳುವುದೇ ಅಪಚಾರವೆನಿಸುತ್ತದೆ. ಆದರೆ ಅವರ ಕೆಲಸಕ್ಕೆ ನೆರವಾಗಲು ನಾವು ಕ್ರೈಸ್ತರಾಗಿರಬೇಕಿಲ್ಲ, ಅವರನ್ನು ಸಂತರೆಂದು ನಂಬಲೂ ಬೇಕಿಲ್ಲ. 1952ರಲ್ಲಿ ಕಲ್ಕತ್ತೆಯ ಕಾಳಿಘಾಟ್‌ನಲ್ಲಿ, ಕಾಳಿ ದೇಗುಲದ ಮಗ್ಗುಲಿನ ಯಾತ್ರಿಕರ ಛತ್ರದಲ್ಲಿ, ಅವರ ಸಾಯುವವರ ಮನೆ ನಿರ್ಮಲ ಹೃದಯ ಶುರುವಾಯಿತು. ಅಲ್ಲಿಗೆ ಬಂದವರು ಆಸ್ಪತ್ರೆಗಳು ಸೇರಿಸಿಕೊಳ್ಳದೆ ಬೀದಿಯಲ್ಲಿ ಸಾಯಲು ಬಿದ್ದಿದ್ದವರು. ಅಂಥವರ ಹುಣ್ಣು ತೊಳೆದು ಬಾಯಿಗೆ ನೀರು ಬಿಟ್ಟ ಕೈ ಯಾವ ದೇವರದೆಂಬುದು ಅವರಿಗೆ ಎರಡನೆಯ ಪ್ರಶ್ನೆ. ನೆರವಿಗೆ ಆಧಾರ ರೋಗಿಯ ಅಗತ್ಯವೇ ಆದರೆ, ಆ ಅಗತ್ಯ ಎಷ್ಟು ಪೂರೈಸಿತೆಂದು ವಿಚಾರಿಸುವ ಹೊಣೆಯೂ ದಾನಿಯದೇ.

ಲ್ಯಾನ್ಸೆಟ್ ವೈದ್ಯಪತ್ರಿಕೆಯ ಅಂದಿನ ಸಂಪಾದಕ ರಾಬಿನ್ ಫಾಕ್ಸ್ 1994ರಲ್ಲಿ ನಿರ್ಮಲ ಹೃದಯಕ್ಕೆ ಹೋಗಿಬಂದು ಬರೆದರು. ಶುಚಿತ್ವ, ಗಾಯಗಳ ಆರೈಕೆ, ಅಕ್ಕರೆ ಇವನ್ನು ಅವರು ಮೆಚ್ಚಿದರು. ತೀವ್ರ ನೋವಿಗೆ ಬೇಕಾದ ಪ್ರಬಲ ಔಷಧಿಗಳಿಲ್ಲದಿರುವುದನ್ನೂ, ರೋಗ ಯಾವುದೆಂದು ಪತ್ತೆಮಾಡುವ ಗೋಜಿಗೇ ಹೋಗದ ರೂಢಿಯನ್ನೂ ಟೀಕಿಸಿದರು. ಅವರು ಕಂಡ ವಿಪರೀತ ಜ್ವರದ ಯುವಕನೊಬ್ಬನಿಗೆ ಬೇರೇನೋ ಮಾತ್ರೆ ನಡೆಯುತ್ತಿತ್ತು. ಮಲೇರಿಯಾ ಇರಬಹುದೆಂದು ಕೊನೆಗೆ ಊಹಿಸಿದ್ದು ಭೇಟಿಗೆ ಬಂದ ವೈದ್ಯರು. ಒಂದು ಹನಿ ರಕ್ತ ನೋಡಿದ್ದರೆ ಸಾಕಿತ್ತು. ಇದು ಆಸ್ಪತ್ರೆಯಲ್ಲ, ಸಾಯುವವರ ಮನೆ ಎಂಬ ಸಮರ್ಥನೆಯಿದೆ. ನಿಜವೇ, ಆದರೆ ಬಂದವರಲ್ಲಿ ಯಾರು ಸಾಯುವವರು, ಯಾರು ಬದುಕಬಲ್ಲವರು ಎಂದು ತಿಳಿಯಲು ಆ ಹನಿಯೇ ಬೇಕಲ್ಲವೆ?

ಇದಕ್ಕಿಂತ ಆಳದ ಆಕ್ಷೇಪಣೆ ಇನ್ನೊಂದಿದೆ. ತಾವು ಸೇವೆ ಮಾಡುವುದು ಬಡವರ ವೇಷದಲ್ಲಿ ಬಂದ ಯೇಸುವಿಗೆ ಎಂದು ಮದರ್ ಮತ್ತೆ ಮತ್ತೆ ಹೇಳುತ್ತಿದ್ದರು. ಹಾಗಾದರೆ ಮಂಚದ ಮೇಲಿನ ಮನುಷ್ಯ ಬರೀ ನೆಪವೇ? ನೋವಿನಲ್ಲಿ ಕ್ರಿಸ್ತನ ಯಾತನೆಯ ಪಾಲನ್ನು ಕಾಣುವ ಅವರ ನಂಬಿಕೆ ಈ ಶಂಕೆಗೆ ಇಂಬು ಕೊಡುತ್ತದೆ. ತನ್ನ ನೋವಿಗೆ ಅರ್ಥ ಹುಡುಕಿಕೊಳ್ಳುವ ಹಕ್ಕು ಯಾರಿಗೂ ಉಂಟು. ಪರರ ನೋವಿಗೆ ಅರ್ಥ ಕೊಟ್ಟು ಮಾತ್ರೆ ಕೊಡದಿರುವುದು ಬೇರೆಯೇ ಸಂಗತಿ. ಆದರೂ ಆ ನಂಬಿಕೆಯ ಜೊತೆ ಕೊನೆಯವರೆಗೆ ನಡೆದು ನೋಡಿದರೆ ಅದು ಟೀಕಾಕಾರರ ಪಕ್ಷಕ್ಕೇ ಬಂದು ನಿಲ್ಲುತ್ತದೆ. ಮನೆಗೆ ಬಂದ ಜಂಗಮನಲ್ಲಿ ಶಿವನನ್ನು ಕಂಡ ಶರಣ ಅವನಿಗೆ ತಂಗಳು ಬಡಿಸುವುದಿಲ್ಲ. ರೋಗಿಯೇ ಯೇಸುವಾದರೆ ಮಾಡಿಸದ ರಕ್ತಪರೀಕ್ಷೆ ಪೂಜೆಯಲ್ಲಾದ ಲೋಪ. ಲೆಕ್ಕ ಕೇಳುವ ದಾನಿ ಸಿಸ್ಟರ್‌ಗಳ ಮೇಲೆ ಹೊರಗಿನ ವಿಚಾರವನ್ನೇನೂ ಹೇರುತ್ತಿಲ್ಲ, ಅವರದೇ ಭಕ್ತಿಯ ಕಟ್ಟಳೆಯನ್ನು ಕೇಳುತ್ತಿದ್ದಾನೆ.

ಸಿಸ್ಟರ್‌ಗಳ ಮೇಲಿರುವ ಮತಾಂತರದ ಆರೋಪವನ್ನೂ ಹೀಗೇ ನೋಡಬೇಕು. ಪ್ರಜ್ಞೆ ತಪ್ಪುತ್ತಿರುವವನ ಧರ್ಮಕ್ಕೆ ಯಾರೇ ಕೈಹಾಕಿದರೂ ತಪ್ಪೇ; ಅದನ್ನು ತಡೆಯಲು ತನಿಖೆ, ಮೇಲ್ವಿಚಾರಣೆಗಳಿವೆ. ದೇಣಿಗೆಯನ್ನೇ ನಿಲ್ಲಿಸಿದರೆ ಪೆಟ್ಟು ಬೀಳುವುದು ಹಾಸಿಗೆ ಹಿಡಿದವನಿಗೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಮದರ್ ಕಟ್ಟಿದ ಸಂಸ್ಥೆ ಮಿಷನರೀಸ್ ಆಫ್ ಚಾರಿಟಿಯ ವಿದೇಶಿ ದೇಣಿಗೆ ನೋಂದಣಿಯನ್ನು ನವೀಕರಿಸಲು ನಿರಾಕರಿಸಿ, ಮರುತಿಂಗಳೇ ಮರಳಿ ಕೊಟ್ಟಿತು. ಆ ಗದ್ದಲದಲ್ಲಿ ಎದ್ದ ಮಾತು ಹೆಚ್ಚಾಗಿ ವಿದೇಶಿ ದುಡ್ಡಿನ ಬಗ್ಗೆ. ನೋವಿನ ಔಷಧಿಯ ಸುದ್ದಿ ಹೆಚ್ಚು ಕೇಳಲಿಲ್ಲ. 1985ರ ಮಾದಕವಸ್ತು ಕಾಯ್ದೆಯಿಂದ ಮಾರ್ಫಿನ್ ದುರ್ಲಭವಾಗಿದ್ದುದು ಹೌದು, ಸಿಸ್ಟರ್‌ಗಳ ಪರವಾಗಿ ಇದನ್ನು ಹೇಳಲೇಬೇಕು. ಅದೇ ಕಾಯ್ದೆಯ ಕೆಳಗೆ ಕಲ್ಲಿಕೋಟೆಯ ವೈದ್ಯರು 1993ರಲ್ಲಿ ನೋವು ಉಪಶಮನದ ಕ್ಲಿನಿಕ್ ತೆರೆದು ಬಡ ರೋಗಿಗಳಿಗೂ ಮಾರ್ಫಿನ್ ತಲುಪಿಸಿದರು. 2014ರ ತಿದ್ದುಪಡಿ ನಿಯಮಗಳನ್ನು ಇನ್ನಷ್ಟು ಸಡಿಲಿಸಿತು. ಈಗ ಇಂಥ ಮನೆಗಳಿಗೆ ಚೆಕ್ ಬರೆಯುವವರು ಜೊತೆಗೊಂದು ಪತ್ರವನ್ನೂ ಬರೆದು, ಮಾರ್ಫಿನ್ ಇದೆಯೇ, ವೈದ್ಯರು ವಾರಕ್ಕೆ ಎಷ್ಟು ದಿನ ಬರುತ್ತಾರೆ ಎಂದು ಕೇಳಬಹುದು.