ತಡ್ಕೋ ಮಗಾ ಅನ್ನುವ ಮುಂಚೆ

ಮಕ್ಕಳ ಮನಸ್ಸು ಗಟ್ಟಿಯಾಗಬೇಕು ಅಂತ ಈಗ ಎಲ್ಲರೂ ಹೇಳುತ್ತಾರೆ. ಮಣಿಪಾಲದಂಥ ಊರಲ್ಲಿ ಅದಕ್ಕೆ ಡಾಕ್ಟರಿದ್ದಾರೆ, ಆಪ್ತಸಲಹೆ ಉಂಟು. ಬೇಡ ಅನ್ನುವವರಲ್ಲ ನಾವು. ಲೆಕ್ಕದಲ್ಲಿ ಫೇಲಾದ ಹುಡುಗ, ಕಬಡ್ಡಿಯಲ್ಲಿ ಸೋತ ಹುಡುಗಿ ಮತ್ತೆ ಎದ್ದು ನಿಲ್ಲುವುದನ್ನು ಕಲಿಯಲೇಬೇಕು. ಆದರೆ ಈ ಪಾಠವನ್ನು ಯಾರಿಗೆ, ಏನನ್ನು ತಡೆದುಕೊಳ್ಳಲಿಕ್ಕೆ ಹೇಳಿಕೊಡುತ್ತಿದ್ದೇವೆ?

ಉಡುಪಿ, ಕಾಪು, ಕಾರ್ಕಳದ ಕೊರಗರ ಮನೆಗಳಿಗೆ ತಡೆದುಕೊಳ್ಳುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೇಲುಜಾತಿಯವರ ರೋಗ, ಪೀಡೆ ಕಳೆಯಲಿ ಅಂತ ಅವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಈ ಜನಕ್ಕೆ ತಿನ್ನಿಸುತ್ತಿದ್ದರು. ಅಜಲು ಅಂತ ಅದರ ಹೆಸರು, ಸಂಪ್ರದಾಯ ಅಂತ ಅದಕ್ಕೆ ಮರ್ಯಾದೆ. ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು 53 ವರ್ಷವಾದ ಮೇಲೆ! ಅಷ್ಟು ಕಾಲ ನುಂಗಿಕೊಂಡವರ ಮೊಮ್ಮಗುವಿಗೆ "ಸಹನೆ ಇರಲಿ" ಅನ್ನಲು ನಮಗೆ ಬಾಯಿ ಹೇಗೆ ಬರುತ್ತದೆ?

ಅಂಬೇಡ್ಕರರ ಉದಾಹರಣೆ ಕೊಡುತ್ತಾರೆ. ಶಾಲೆಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂತರು, ಜವಾನ ಇಲ್ಲದ ದಿನ ನೀರೂ ಇಲ್ಲ, ಆದರೂ ಓದಿದರಲ್ಲ, ಅಂತ. ಹೌದು, ಓದಿದರು. ಅಂಥದೇ ಗೋಣಿಯಿಂದ ಎದ್ದು ಹೋಗಿ ತಿರುಗಿ ಬಾರದ ಮಕ್ಕಳನ್ನು ಎಣಿಸಿದವರು ಯಾರು? ಒಬ್ಬ ಗೆದ್ದದ್ದನ್ನು ತೋರಿಸಿ ಗೋಣಿಯನ್ನು ಹಾಗೇ ಉಳಿಸಿಕೊಳ್ಳುವ ಜಾಣತನ ಇದು. ಆ ಹುಡುಗ ದೊಡ್ಡವನಾಗಿ 1927ರಲ್ಲಿ ಸಾವಿರಾರು ಜನರನ್ನು ಮಹಾಡದ ಕೆರೆಗೆ ಕರೆದುಕೊಂಡು ಹೋಗಿ ನೀರು ಕುಡಿದ. ಬಾಯಾರಿಕೆ ತಡೆಯುವುದು ಹೇಗೆ ಅಂತ ಭಾಷಣ ಮಾಡಲಿಲ್ಲ.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಜಾತಿ ಹೆಸರು ಹಿಡಿದು ಕರೆದರು ಅಂತ ಮಗು ಅತ್ತುಕೊಂಡು ಬಂದಾಗ ನಾವೂ "ತಡ್ಕೋ ಮಗಾ, ಓದಿ ದೊಡ್ಡವನಾಗು" ಅಂದಿದ್ದೇವೆ. ಮಾಷ್ಟ್ರ ಎದುರು ಹೋಗಿ ನಿಲ್ಲುವ ಧೈರ್ಯ ನಮಗಿರಲಿಲ್ಲ. ನಮ್ಮ ಅಂಜಿಕೆಗೆ ಮಗುವಿನ ಸಹನೆ ಅಂತ ಹೆಸರಿಟ್ಟೆವು.

ಹಾಗಂತ ಲೋಕ ಸರಿಹೋಗುವವರೆಗೆ ಮಗುವನ್ನು ಮನೆಯಲ್ಲಿ ಕೂರಿಸಲಿಕ್ಕಾಗುತ್ತದಾ? ನಾಳೆ ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುತ್ತದೆ, ಅದು ಹೋಗಲೇಬೇಕು, ಹೋಗಲಿಕ್ಕೆ ಬಲ ಬೇಕೇ ಬೇಕು. "ತಪ್ಪು ನಿನ್ನದಲ್ಲ" ಅಂತ ದೊಡ್ಡವರೊಬ್ಬರು ಹೇಳಿ, ಹೇಳಿದ್ದಕ್ಕೆ ತಕ್ಕಂತೆ ಶಾಲೆಯವರೆಗೆ ಜೊತೆಗೆ ನಡೆದರೆ ಆ ಬಲ ಬಂದೀತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತದ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹಳ್ಳಿಶಾಲೆಯ ಮಾಷ್ಟ್ರುಗಳೇ, ಟೀಚರುಗಳೇ, ಅದನ್ನು ಸ್ಟಾಫ್ ರೂಮಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಬುಟ್ಟಿ ಹೆಣೆಯುವ ಅಪ್ಪನನ್ನು ಶಾಲೆಯ ಸಭೆಗೆ ಕರೆದು ಕುರ್ಚಿ ಕೊಡಿ. ಮಗು ಬೆಂಚಿನ ಮೇಲೆ ಕೂತು ಅದನ್ನು ನೋಡಲಿ.